ಬಟ್ಟೆಕೋಣೆಯ ಸೂತ್ರಧಾರ

ಸಂಜೆಯ ಹೊತ್ತು ಪರದೆಯ ಮುಂದೆ ಕುಳಿತು ಗುಂಡಿಗಳನ್ನೊತ್ತುತ್ತಿರುವ ಮಕ್ಕಳನ್ನು ಕಂಡು ಮುಖ ಸಿಂಡರಿಸದ ತಂದೆತಾಯಿಗಳು ನಮ್ಮ ನಗರಗಳಲ್ಲಿ ವಿರಳ. ವಿಡಿಯೋ ಆಟವೆಂದರೆ ಕಾಲಹರಣ, ಕಣ್ಣಿಗೆ ಕೇಡು, ಪರೀಕ್ಷೆಗೆ ಶತ್ರು ಎಂಬ ತೀರ್ಪು ಎಂದೋ ಹೊರಬಿದ್ದಾಗಿದೆ. ಆ ತೀರ್ಪಿನ ಮೇಲೆ ಅಪೀಲು ಹೂಡುವುದು ಈ ಅಂಕಣದ ಉದ್ದೇಶವಲ್ಲ. ಆದರೆ ಗದರಿಸುವ ಮುನ್ನ ಅರೆಗಳಿಗೆ ಕಣ್ಣು ಮುಚ್ಚಿ ಕಿವಿಗೊಟ್ಟವರಿಗೆ ಆ ಪರದೆಯ ಒಳಗಿನಿಂದ ಮನುಷ್ಯರ ದನಿ ಕೇಳಿಬರುತ್ತದೆ. ಆ ಮಾತುಗಳನ್ನು ಯಾರೋ ಬರೆದಿದ್ದಾರೆ, ಯಾರೋ ಆಡಿದ್ದಾರೆ, ಇನ್ನಾರೋ ಹಿಡಿದಿಟ್ಟಿದ್ದಾರೆ. ದೊಡ್ಡ ಕಂಪೆನಿಗಳಲ್ಲಿ ಇದಕ್ಕಾಗಿ ಮೆತ್ತೆ ಹೊದಿಸಿದ ಗೋಡೆಗಳ ಸ್ಟುಡಿಯೋ ಉಂಟು. ನಿರ್ದೇಶಕ, ಇಂಜಿನಿಯರು, ಗಂಟೆಯ ಲೆಕ್ಕದ ಬಾಡಿಗೆ ಎಲ್ಲವೂ ಉಂಟು. ಅಷ್ಟು ಹಣವಿಲ್ಲದವರ ಗತಿಯೇನು?

2009ರಲ್ಲಿ ಅಮೀರ್ ರಾವ್ ಮತ್ತು ಗ್ಯಾವಿನ್ ಸೈಮನ್ ಎಂಬ ಇಬ್ಬರು ತರುಣರು ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ಭಾರಿ ಆಟದ ಕಂಪೆನಿಯ ನೌಕರಿಯನ್ನು ಬಿಟ್ಟು, ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ ನಗರದ ಒಂದು ಮನೆಯಲ್ಲಿ ಸೂಪರ್‌ಜೈಂಟ್ ಗೇಮ್ಸ್ ಎಂಬ ಸ್ವಂತ ಸಂಸ್ಥೆಯನ್ನು ಆರಂಭಿಸಿದರು. ಹೆಸರಿನಲ್ಲಿ ಮಹಾದೈತ್ಯ, ಕಚೇರಿಯೋ ಮನೆಯ ನಡುಮನೆ. ಮುಂದೆ ಒಬ್ಬೊಬ್ಬರಾಗಿ ಸೇರಿ ತಂಡ ಬೆಳೆದದ್ದು ಏಳು ಜನರಿಗೆ. ಸಂಬಳದ ನೌಕರಿ ಬಿಟ್ಟು ಬಂದವರಿಗೆ ಮೊದಲ ಆಟವೇ ಸೋತರೆ ಎರಡನೆಯದು ಹುಟ್ಟುವ ಸಂಭವ ಎಷ್ಟಿರುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಮೊದಲ ಆಟದ ಹೆಸರು 'ಬ್ಯಾಸ್ಟಿಯನ್'. ಮಹಾ ವಿಪತ್ತಿನಿಂದ ಛಿದ್ರಗೊಂಡ ನಗರವೊಂದರಲ್ಲಿ ಹುಡುಗನೊಬ್ಬ ಎಚ್ಚರಗೊಂಡು ನಡೆಯತೊಡಗುತ್ತಾನೆ. ಆತ ಹೆಜ್ಜೆಯಿಟ್ಟ ಕಡೆಗೆ ನೆಲದ ತುಣುಕುಗಳು ಮೇಲೆದ್ದು ಬಂದು ದಾರಿಯಾಗುತ್ತವೆ. ಕಥೆಯೇನೋ ದೊಡ್ಡದು. ಆದರೆ ಆಡುವವರನ್ನು ನಿಲ್ಲಿಸಿ ಪುಟಗಟ್ಟಲೆ ಓದಿಸಿದರೆ ಅವರು ಎದ್ದು ಹೋಗುವರು. ನಡುನಡುವೆ ಚಲಚ್ಚಿತ್ರ ತೋರಿಸೋಣವೆಂದರೆ ಅದು ದುಡ್ಡಿನ ಬಾಬತ್ತು. ಆಗ ಅವರು ಹಿಡಿದ ಉಪಾಯ, ಆಟದುದ್ದಕ್ಕೂ ಮುದುಕನೊಬ್ಬನ ಕಂಠದಲ್ಲಿ ಕಥೆಯನ್ನು ಹೇಳಿಸುವುದು. ನಮ್ಮ ಯಕ್ಷಗಾನದ ಭಾಗವತರನ್ನು ಬಲ್ಲವರಿಗೆ ಈ ಉಪಾಯ ಹೊಸದಾಗಿ ತೋರಲಾರದು.

ತಂಡದ ಸಂಗೀತಗಾರ ಡ್ಯಾರೆನ್ ಕಾರ್ಬ್ ಕ್ಯಾಲಿಫೋರ್ನಿಯದಲ್ಲಿರಲಿಲ್ಲ; ದೇಶದ ಇನ್ನೊಂದು ಅಂಚಿನ ನ್ಯೂಯಾರ್ಕಿನ ಬಾಡಿಗೆ ಮನೆಯಲ್ಲಿದ್ದ. ಅದೇ ಮನೆಯಲ್ಲಿ ಅವನೊಡನೆ ವಾಸವಾಗಿದ್ದವನು ಲೋಗನ್ ಕನಿಂಗ್‌ಹ್ಯಾಮ್ ಎಂಬ ನಟ. ಬೇಕಾದ ದನಿ ಪಕ್ಕದ ಕೋಣೆಯಲ್ಲೇ ಇತ್ತು. ಇನ್ನು ಬೇಕಾದದ್ದು ಸ್ಟುಡಿಯೋ. ಕಾರ್ಬ್ ತನ್ನ ಬಟ್ಟೆಬರೆಗಳನ್ನಿಡುವ ಗೂಡಿನಂಥ ಕೋಣೆಯನ್ನೇ ಆ ಕೆಲಸಕ್ಕೆ ಗೊತ್ತುಮಾಡಿದ. ಆಟದ ಸಂಗೀತವನ್ನೂ ಮಾತನ್ನೂ ಅಲ್ಲಿಯೇ ಮುದ್ರಿಸಿಕೊಂಡ.

ಇದು ಕೇವಲ ಬಡತನದ ಹಂಚಿಕೆಯೆಂದು ನಗುವವರು ಸ್ವಲ್ಪ ತಾಳಬೇಕು. ಸುಣ್ಣ ಬಳಿದ ಬರಿಗೋಡೆಗಳ ಕೋಣೆಯಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಗೋಡೆಯಿಂದ ಗೋಡೆಗೆ ಹಾರಿ ಮತ್ತೆ ಮತ್ತೆ ಕಿವಿಗೆ ಬಂದು ಬೀಳುತ್ತದೆ. ನಮ್ಮ ಕಿವಿ ಬಲು ದಾಕ್ಷಿಣ್ಯದ ಅಂಗ. ಈ ಮರುಸದ್ದನ್ನು ಅದು ತನಗರಿವಿಲ್ಲದೆಯೇ ಬದಿಗೆ ಸರಿಸಿಬಿಡುತ್ತದೆ. ಮೈಕಿಗೆ ಆ ದಾಕ್ಷಿಣ್ಯವಿಲ್ಲ. ಕೋಣೆಯ ಮೂಲೆಮೂಲೆಯನ್ನೂ ಅದು ಮಾತಿನೊಡನೆ ಕಟ್ಟಿಕೊಂಡು ಬರುತ್ತದೆ. ಹಾಗೆ ಬಂದ ಮಾತನ್ನು ಆಟದ ಬಯಲಿನಲ್ಲೋ ಗವಿಯಲ್ಲೋ ಕೂರಿಸಿದರೆ, ಕೇಳುವವನಿಗೆ ಬಯಲೂ ಕಾಣುವುದಿಲ್ಲ, ಗವಿಯೂ ಕಾಣುವುದಿಲ್ಲ. ಯಾರದೋ ಮಲಗುವ ಕೋಣೆ ಕಾಣುತ್ತದೆ. ಶುದ್ಧವಾದ ದನಿಗೆ ಗವಿಯ ಮಾರ್ದನಿಯನ್ನು ಆಮೇಲೆ ಯಂತ್ರದಿಂದ ಕೂಡಿಸುವುದು ಸುಲಭ. ಬೆರೆತುಹೋದ ಮಾರ್ದನಿಯನ್ನು ಕಳೆಯುವುದು ಹಾಲಿಗೆ ಬೆರೆತ ನೀರನ್ನು ಹಂಸವಿಲ್ಲದೆ ಬೇರ್ಪಡಿಸಿದಂತೆ. ತೂಗುಹಾಕಿದ ಕೋಟುಗಳೂ ಉಣ್ಣೆಯ ಅಂಗಿಗಳೂ ಮಾಡುವ ಉಪಕಾರ ಇಲ್ಲಿಯೇ. ಅವುಗಳ ಮಡಿಕೆಗಳಲ್ಲಿ ಹೊಕ್ಕ ಸದ್ದು ಬಹುಪಾಲು ಅಲ್ಲಿಯೇ ಅಡಗಿಹೋಗುತ್ತದೆ. ಆದರೂ ಬಟ್ಟೆ ಸರ್ವರೋಗಕ್ಕೂ ಮದ್ದಲ್ಲ. ಬೀದಿಯ ಲಾರಿಯ ಗುಡುಗನ್ನೋ ಮೇಲ್ಮನೆಯವರ ಕುರ್ಚಿಯ ಕಿರುಚನ್ನೋ ಅದು ತಡೆಯಲಾರದು. ಅಂಥ ಹೊತ್ತಿನಲ್ಲಿ ಕಾಯುವುದೊಂದೇ ದಾರಿ. ಪ್ರೆಷರ್ ಕುಕ್ಕರಿನ ಸೀಟಿಯನ್ನೂ ತರಕಾರಿಯವನ ಕೂಗನ್ನೂ ಬಲ್ಲ ನಮ್ಮ ಗೃಹಿಣಿಯರು ಈ ಕಷ್ಟವನ್ನು ಚೆನ್ನಾಗಿ ಊಹಿಸಬಲ್ಲರು.

ಮನೆಯಲ್ಲಿ ದನಿ ಮುದ್ರಿಸುವವರ ಉಳಿದ ಹಂಚಿಕೆಗಳೂ ಇದೇ ಬಗೆಯವು. ರೆಫ್ರಿಜಿರೇಟರನ್ನೂ ಫ್ಯಾನನ್ನೂ ನಿಲ್ಲಿಸುವುದು. ಪಕಾರ ಬಕಾರಗಳನ್ನು ನುಡಿಯುವಾಗ ತುಟಿಯಿಂದ ಹೊರಡುವ ಗಾಳಿಯ ಗುದ್ದು ಮೈಕಿಗೆ ತಗಲದಂತೆ, ಕಸೂತಿಯ ಬಳೆಗೆ ನೈಲಾನ್ ಕಾಲುಚೀಲವನ್ನು ಬಿಗಿದು ಮುಂದೆ ನಿಲ್ಲಿಸುವುದು. ಬಾಯಿಗೂ ಮೈಕಿಗೂ ಒಂದು ಗೇಣಿನ ಅಂತರವಿಟ್ಟು, ಆ ಅಂತರವನ್ನು ಮೊದಲ ದಿನದಿಂದ ಕೊನೆಯ ದಿನದವರೆಗೆ ಬದಲಿಸದಿರುವುದು. ಕೊನೆಯದು ಅಲ್ಪವಾಗಿ ಕಂಡರೂ ಅದೇ ಎಲ್ಲಕ್ಕಿಂತ ಮುಖ್ಯ. ಮಾರ್ಚಿಯಲ್ಲಿ ಆಡಿದ ಮಾತೂ ಡಿಸೆಂಬರಿನಲ್ಲಿ ಆಡಿದ ಮಾತೂ ಆಟದಲ್ಲಿ ಒಂದರ ಬೆನ್ನಿಗೊಂದು ಬರಬಹುದು. ಅಂತರ ತಪ್ಪಿದರೆ ಒಬ್ಬನೇ ಮನುಷ್ಯ ಇಬ್ಬರಾಗಿ ಕೇಳಿಸುತ್ತಾನೆ.

ಬ್ಯಾಸ್ಟಿಯನ್ನಿನ ಮುದುಕನಿಗಾಗಿ ಮುದ್ರಿಸಿದ ಮಾತುಗಳು ಸುಮಾರು 3,000. ಬರೆದವನು ಗ್ರೆಗ್ ಕಸಾವಿನ್. ನಾಟಕದಲ್ಲಾದರೆ ಒಂದು ಮಾತಿನ ನಂತರ ಯಾವ ಮಾತೆಂಬುದು ನಿಶ್ಚಿತ. ಇಲ್ಲಿ ಮುಂದೇನಾಗುವುದೆಂಬುದು ಆಡುವವನ ಕೈಬೆರಳಿನಲ್ಲಿದೆ. ಅವನು ಅಂಚಿನಿಂದ ಕೆಳಗೆ ಬಿದ್ದರೆ ಸೂತ್ರಧಾರ ಒಂದು ಮಾತನ್ನಾಡಬೇಕು. ಎದುರಿಗಿದ್ದುದನ್ನೆಲ್ಲ ಸುಮ್ಮನೆ ಒಡೆಯುತ್ತ ನಿಂತರೆ ಅದಕ್ಕೂ ಒಂದು ಮಾತಿರಬೇಕು. ವಾಕ್ಯ ಉದ್ದವಾದರೆ ಅದು ಮುಗಿಯುವಷ್ಟರಲ್ಲಿ ಹುಡುಗ ಇನ್ನೆಲ್ಲಿಯೋ ಇರುತ್ತಾನೆ, ಮಾತು ಹಳಸಿಹೋಗುತ್ತದೆ. ಆದುದರಿಂದ ಎಲ್ಲವೂ ತುಂಡುತುಂಡು, ಎಲ್ಲವೂ ಚುರುಕು. ಆದರೂ ಹೇಳುವವನ ಕಂಠದಲ್ಲಿ ಮಾತ್ರ ಆತುರ ಸಲ್ಲದು. ತರುಣನಾದ ನಟ ಬಾಳಿನಲ್ಲಿ ಬಳಲಿದ ವೃದ್ಧನ ನಿಧಾನವನ್ನು ತಂದುಕೊಳ್ಳಬೇಕು. ವೇಷವಿಲ್ಲ, ರಂಗವಿಲ್ಲ, ಎದುರು ಪಾತ್ರವಿಲ್ಲ. ತಾಳಮದ್ದಳೆಯ ಅರ್ಥಧಾರಿಗಾದರೂ ಎದುರಿಗೆ ಸಭೆಯಿರುತ್ತದೆ; ಈತನಿಗೆ ಎದುರಿದ್ದದ್ದು ಅಂಗಿಗಳ ಸಾಲು.

ಬಾಡಿಗೆಯ ಸ್ಟುಡಿಯೋ ಕೊಡಲಾರದ ಒಂದು ಸೌಕರ್ಯವನ್ನು ಈ ವ್ಯವಸ್ಥೆ ಕೊಟ್ಟಿತು. ಹಣ ತೆತ್ತು ಪಡೆದ ನಾಲ್ಕು ಗಂಟೆಗಳಲ್ಲಿ ಮುದ್ರಿಸಿದ ಮಾತು ಆಮೇಲೆ ಆಟಕ್ಕೆ ಹೊಂದದಿದ್ದರೆ, ನಟನನ್ನು ಮತ್ತೆ ಕರೆಸಬೇಕು, ಮತ್ತೆ ತೆರಬೇಕು. ಅನೇಕರು ಆ ಗೋಜಿಗೆ ಹೋಗದೆ ಹೊಂದದ ಮಾತನ್ನೇ ಉಳಿಸಿಕೊಳ್ಳುತ್ತಾರೆ. ನಟ ಒಂದೇ ಮನೆಯಲ್ಲಿದ್ದರೆ, ಬರೆದದ್ದನ್ನು ತಿದ್ದಿ, ಊಟವಾದ ಮೇಲೆ ಬಟ್ಟೆಕೋಣೆಯ ಬಾಗಿಲು ತೆರೆದರಾಯಿತು.

2011ರ ಜುಲೈಯಲ್ಲಿ ಆಟ ಹೊರಬಂತು. ವರ್ಷ ಮುಗಿಯುವಷ್ಟರಲ್ಲಿ 5 ಲಕ್ಷಕ್ಕೂ ಮಿಕ್ಕು, 2015ರ ಹೊತ್ತಿಗೆ 30 ಲಕ್ಷಕ್ಕೂ ಮಿಕ್ಕು ಪ್ರತಿಗಳು ಮಾರಾಟವಾದುವು. ಆಶ್ಲೆ ಬ್ಯಾರೆಟ್ ಹಾಡಿದ ಅದರ ಹಾಡಿಗೂ ಪ್ರಶಸ್ತಿ ಬಂತು.

ಈ ಯಶಸ್ಸಿನಿಂದ, ಗೆಳೆಯನೂ ಬಟ್ಟೆಯ ಗೂಡೂ ಇದ್ದರೆ ಹಣವೇ ಬೇಡವೆಂದು ತಿಳಿಯುವ ಉತ್ಸಾಹಿಗಳು ಇಲ್ಲದಿಲ್ಲ. ಗೋಡೆಯಲ್ಲಿ ಉಳಿಸಿದ ಹಣ ಬೇರೆ, ಗಂಟಲಿನಲ್ಲಿ ಉಳಿಸಿದ ಹಣ ಬೇರೆ. ಯುದ್ಧದ ಆಟವೊಂದರಲ್ಲಿ ಹಗಲೆಲ್ಲ ಅರಚಿ, ನರಳಿ, ಸತ್ತು ಬಿದ್ದವನು ಮರುದಿನ ಮನೆಯವರೊಡನೆ ಮಾತನಾಡಲಾರದೆ ಕೈಸನ್ನೆ ಮಾಡಬೇಕಾದೀತು. ಅದಕ್ಕಾಗಿಯೇ ಬಲ್ಲವರು ಅರಚಾಟದ ಮಾತುಗಳನ್ನು ದಿನದ ಕೊನೆಗೆ ಇಟ್ಟುಕೊಳ್ಳುತ್ತಾರೆ. 2016ರ ಅಕ್ಟೋಬರಿನಲ್ಲಿ ಅಮೆರಿಕದ ನಟರ ಸಂಘವಾದ ಸ್ಯಾಗ್-ಆಫ್ಟ್ರಾ ಆಟದ ಕಂಪೆನಿಗಳ ವಿರುದ್ಧ ಹೂಡಿದ ಮುಷ್ಕರಕ್ಕೆ ಸಂಭಾವನೆಯೊಡನೆ ಈ ಗಂಟಲ ಶ್ರಮವೂ ಕಾರಣವಾಗಿತ್ತು. ಅದು ಹನ್ನೊಂದು ತಿಂಗಳು ನಡೆಯಿತು. ಸ್ನೇಹಿತನೇ ಆಗಿರಲಿ, ಇಂತಿಷ್ಟು ಕೆಲಸ, ಇಂತಿಷ್ಟು ಹಣ ಅಥವಾ ಲಾಭದಲ್ಲಿ ಇಂತಿಷ್ಟು ಪಾಲು ಎಂದು ಮೊದಲೇ ಕಾಗದದ ಮೇಲೆ ಬರೆದುಕೊಳ್ಳುವುದು ಸ್ನೇಹಕ್ಕೆ ಅಪಚಾರವಲ್ಲ. ಬರೆದುಕೊಳ್ಳದೆ ಕೆಟ್ಟ ಸ್ನೇಹಗಳಿಗೆ ಲೆಕ್ಕವಿಲ್ಲ.

ಈಗ ಇನ್ನೊಂದು ಅಗ್ಗದ ಮಾರ್ಗ ತೆರೆದಿದೆ. ಒಬ್ಬನ ದನಿಯ ಮಾದರಿಯನ್ನು ಗಣಕಯಂತ್ರಕ್ಕೆ ಉಣಿಸಿದರೆ, ಅವನು ಎಂದೂ ಆಡದ ಮಾತನ್ನು ಅದು ಅವನದೇ ಕಂಠದಲ್ಲಿ ಆಡಿ ತೋರಿಸುತ್ತದೆ. ಬಟ್ಟೆಕೋಣೆಯೂ ಬೇಡ, ಕಾಲುಚೀಲವೂ ಬೇಡ, ಕಡೆಗೆ ನಟನೂ ಬೇಡ. 2024ರ ಜುಲೈಯಲ್ಲಿ ಅದೇ ಸಂಘ ಮತ್ತೆ ಮುಷ್ಕರಕ್ಕಿಳಿದದ್ದು ಮುಖ್ಯವಾಗಿ ಇದರ ವಿರುದ್ಧವೇ. ದನಿಯ ಪ್ರತಿಕೃತಿಯನ್ನು ಬಳಸಬೇಕಾದರೆ ಒಡೆಯನ ಸಮ್ಮತಿ ಬೇಕು, ಸಂಭಾವನೆ ಬೇಕು ಎಂದು ಕಲಾವಿದರು ಪಟ್ಟುಹಿಡಿದರು. 2025ರ ಜುಲೈಯಲ್ಲಿ ಹೊಸ ಒಪ್ಪಂದಕ್ಕೆ ಸಂಘದ ಸದಸ್ಯರ ಅಂಗೀಕಾರ ದೊರೆಯಿತು.

ನ್ಯೂಯಾರ್ಕಿನ ಆ ಇಬ್ಬರು ಸಹವಾಸಿಗಳು ಬ್ಯಾಸ್ಟಿಯನ್ನಿನ ನಂತರವೂ ಜೊತೆಗೂಡಿ ದುಡಿದರು. ಅವರ ಸಂಸ್ಥೆ 2020ರಲ್ಲಿ ಪೂರ್ಣರೂಪದಲ್ಲಿ ಹೊರತಂದ 'ಹೇಡೀಸ್' ಎಂಬ ಆಟಕ್ಕೆ ಮರುವರ್ಷ ಹ್ಯೂಗೋ ಪ್ರಶಸ್ತಿ ಬಂತು. ಗ್ರೀಕ್ ಪುರಾಣದ ಯಮಲೋಕದಿಂದ ತಪ್ಪಿಸಿಕೊಂಡು ಹೋಗಲು ಹೆಣಗುವ ಮಗ, ಅವನನ್ನು ತಡೆಯುವ ಕಠೋರನಾದ ತಂದೆ, ಇವರಿಬ್ಬರ ಜಗಳವೇ ಅದರ ಕಥೆ. ತಂದೆಯ ದನಿ ಕನಿಂಗ್‌ಹ್ಯಾಮನದು. ಮಗನ ದನಿ ಸಂಗೀತಗಾರ ಕಾರ್ಬ್‌ನದು.