ಎರಡು ಕಿಲೋ ತೂಕದ ಜೀವ



ಈ ತಿಂಗಳು ನಾವು ನಾಯಿಯ ವಿಷಯ ಬರೆಯುತ್ತಿದ್ದೇವೆ. ಹಿರಿಯರು ದಯವಿಟ್ಟು ಪುಟ ತಿರುವಬಾರದು, ಏಕೆಂದರೆ ಮಾತು ಅವರಿಗೇ ಸಂಬಂಧಪಟ್ಟದ್ದು. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆಯ ನಮ್ಮ ಮನೆತನಗಳಲ್ಲಿ ಹಿಂದೆ ನಾಯಿ ಎಂದರೆ ಹೊಲದ ವಸ್ತಿಯಲ್ಲಿಯೋ ಗೋದಾಮಿನ ಬಾಗಿಲಲ್ಲಿಯೋ ಬಿದ್ದಿರುವ ಪ್ರಾಣಿ. ಈಗ ಹಾಗಿಲ್ಲ. ಪುಣೆ, ಬೆಂಗಳೂರು ಸೇರಿದ ಮಕ್ಕಳು ಫ್ಲ್ಯಾಟಿನಲ್ಲಿ ಸಣ್ಣ ಜಾತಿಯ ನಾಯಿ ಸಾಕುತ್ತಾರೆ. ನೌಕರಿ ಬದಲಾದಾಗ, ಹೆರಿಗೆಯಾದಾಗ, ಪರದೇಶಕ್ಕೆ ಹೊರಟಾಗ ಆ ನಾಯಿ ಊರಿಗೆ ಅಜ್ಜ-ಅಜ್ಜಿಯ ಕಡೆಗೆ ಬರುತ್ತದೆ. ನಮ್ಮ ಮನೆಗೂ ಹೀಗೆಯೇ ಒಂದು ಚಿವಾವಾ ಬಂದು ಆರು ವರ್ಷವಾಯಿತು. ಅದನ್ನು ನೋಡಿ ಪರಿಚಯದ ಮನೆಯವರು ಆಗಾಗ ಬಂದು ಕೇಳುತ್ತಿರುತ್ತಾರೆ. ಎಲ್ಲರಿಗೂ ಒಂದೇ ಸಲ ಹೇಳಿದಂತಾಗಲಿ ಎಂದು ಈ ಲೇಖನ.

ಚಿವಾವಾ ಎಂಬುದು ಮೆಕ್ಸಿಕೋ ದೇಶದ ಒಂದು ರಾಜ್ಯದ ಹೆಸರು. ಆ ರಾಜ್ಯ ಅಮೆರಿಕದ ಗಡಿಗೆ ಹತ್ತಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗಡಿಯ ವ್ಯಾಪಾರಿಗಳು ಈ ಪುಟ್ಟ ನಾಯಿಗಳನ್ನು ಅಮೆರಿಕದ ಪ್ರವಾಸಿಗಳಿಗೆ ಮಾರುತ್ತಿದ್ದರು. ಆಗ ಇದಕ್ಕೆ ಟೆಕ್ಸಾಸ್ ನಾಯಿ, ಅರಿಝೋನಾ ನಾಯಿ ಎಂಬ ಹೆಸರುಗಳೂ ಇದ್ದವು. ಕಡೆಗೆ ಬಂದ ಊರಿನ ಹೆಸರೇ ನಿಂತಿತು. ಗಡಿಯಲ್ಲಿ ಬದುಕುವ ನಮಗೆ ಇದು ಹೊಸದಲ್ಲ. ಆಚೆ ಹೋದವನಿಗೆ ಅಲ್ಲಿಯವರು ಊರಿನ ಹೆಸರನ್ನೇ ಅಡ್ಡಹೆಸರು ಮಾಡಿ ಹಚ್ಚುತ್ತಾರೆ.

ಅಮೆರಿಕದ ಕೆನೆಲ್ ಕ್ಲಬ್ಬಿನ ನಿಯಮದಂತೆ ಈ ತಳಿಯ ತೂಕ 6 ಪೌಂಡು, ಅಂದರೆ ಸುಮಾರು 2.7 ಕಿಲೋ ಮೀರಬಾರದು. ನಮ್ಮ ಮನೆಯದು ಸರಿಯಾಗಿ ಎರಡು ಕಿಲೋ ಇದೆ. ಅಂಗಡಿಯಲ್ಲಿ ಎರಡು ಕಿಲೋ ಸಕ್ಕರೆಯ ಪೊಟ್ಟಣ ಎತ್ತಿ ನೋಡಿರಿ, ಅಷ್ಟೇ. ಆದರೆ ಆಯುಷ್ಯ ಗಟ್ಟಿ: ಚೆನ್ನಾಗಿ ನೋಡಿಕೊಂಡರೆ 14ರಿಂದ 16 ವರ್ಷ ಬದುಕುತ್ತದೆ. ಇದನ್ನು ಸಾಕುವವರು ಕಲಿಯಬೇಕಾದದ್ದು ಒಂದೇ ವಿದ್ಯೆ. ಪ್ರತಿಯೊಂದನ್ನೂ ನಮ್ಮ ತೂಕದಲ್ಲಿ ನೋಡದೆ ಅದರ ತೂಕದಲ್ಲಿ ಹಾಕಿ ನೋಡುವುದು. ತಕ್ಕಡಿ ಹಿಡಿದು ಬೆಳೆದ ನಮ್ಮವರಿಗೆ ಇದು ಕಷ್ಟವಾಗಬಾರದು.

ಒಂದು ಲೆಕ್ಕ ಹೇಳುತ್ತೇವೆ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಮಾತ್ರೆ 500 ಮಿಲಿಗ್ರಾಂ. ಅದು 60 ಕಿಲೋ ಮನುಷ್ಯನಿಗೆ. ನಾಯಿಯ ಮೈ ಬಿಸಿಯಾಗಿದೆ ಎಂದು ಅದೇ ಒಂದು ಮಾತ್ರೆಯನ್ನು ಎರಡು ಕಿಲೋ ನಾಯಿಗೆ ಕೊಟ್ಟರೆ, ತೂಕದ ಲೆಕ್ಕದಲ್ಲಿ ನಾವು ಒಮ್ಮೆಲೆ 30 ಮಾತ್ರೆ ನುಂಗಿದ ಹಾಗಾಯಿತು. ಅಷ್ಟು ವಿಷವನ್ನು ಅದರ ಯಕೃತ್ತು ತಡೆಯಲಾರದು. ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳೂ ಹೀಗೆಯೇ. ಮನೆಯ ಔಷಧದ ಡಬ್ಬಿ ನಾಯಿಗಲ್ಲ. ಪಶುವೈದ್ಯರು ತೂಕ ನೋಡಿ ಬರೆದುಕೊಟ್ಟದ್ದಷ್ಟೇ ಅದರ ಔಷಧ.

ಇನ್ನು ಊಟ. ಎರಡು ಕಿಲೋದ ದೊಡ್ಡ ನಾಯಿಗೆ ದಿನಕ್ಕೆ ಬೇಕಾಗುವುದು ಸುಮಾರು 200 ಕ್ಯಾಲರಿ, ಅಥವಾ ಅದಕ್ಕೂ ಸ್ವಲ್ಪ ಕಡಿಮೆ. ಒಂದು ಚಹದ ಚಮಚ ತುಪ್ಪದಲ್ಲಿಯೇ 45 ಕ್ಯಾಲರಿ ಇದೆ. ಅಂದರೆ ಪ್ರೀತಿಯಿಂದ ಹಾಕಿದ ಒಂದು ಚಮಚ ತುಪ್ಪ ಅದರ ದಿನದ ಊಟದ ಕಾಲು ಭಾಗ. ನಮ್ಮದು ಕೂಡು ಕುಟುಂಬ. ಅಜ್ಜಿ ಒಂದು ಚೂರು ಚಪಾತಿ, ಸೊಸೆ ಒಂದು ಬಿಸ್ಕೀಟು, ಮಕ್ಕಳು ಒಂದೊಂದು ತುಂಡು ಪೇಢೆ. ಯಾರೂ ಹೆಚ್ಚು ಕೊಡಲಿಲ್ಲ, ಆದರೂ ನಾಯಿ ಸಂಜೆಗೆ ಎರಡು ದಿನದ್ದು ತಿಂದಿರುತ್ತದೆ. ಮೈ ಬಂದರೆ ಅದರ ಸಣ್ಣ ಮೊಣಕಾಲಿನ ಚಿಪ್ಪು ಸರಿಯುತ್ತದೆ, ಉಸಿರಿಗೂ ತೊಂದರೆ. ಬೆಳಿಗ್ಗೆಯೇ ದಿನದ ಊಟವನ್ನು ಅಳೆದು ಒಂದು ಡಬ್ಬಿಯಲ್ಲಿ ಹಾಕಿಡಿರಿ. ಯಾರು ಏನು ಕೊಟ್ಟರೂ ಆ ಡಬ್ಬಿಯಿಂದಲೇ ಕೊಡಲಿ. ಡಬ್ಬಿ ಬರಿದಾದರೆ ಆ ದಿನದ ಖಾತೆ ಮುಗಿಯಿತು.

ಮರಿಯ ಲೆಕ್ಕ ಇದಕ್ಕೆ ಉಲ್ಟಾ. ಎರಡು-ಮೂರು ತಿಂಗಳ ಮರಿಗೆ ಮೈಯಲ್ಲಿ ಗಂಟು ಕಟ್ಟಿಟ್ಟ ಶಕ್ತಿ ಇರುವುದಿಲ್ಲ. ಕೆಲವು ತಾಸು ಹೊಟ್ಟೆ ಬರಿದಾದರೆ ರಕ್ತದ ಸಕ್ಕರೆ ಇಳಿಯುತ್ತದೆ. ಮರಿ ತೂಗಾಡುತ್ತದೆ, ನಡುಗುತ್ತದೆ, ಮಂಕಾಗಿ ಬೀಳುತ್ತದೆ, ಕೆಲವೊಮ್ಮೆ ಫಿಟ್ಸ್ ಬಂದು ಪ್ರಾಣವೇ ಹೋಗುತ್ತದೆ. ಆದ್ದರಿಂದ ಅದಕ್ಕೆ ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಊಟ ಬೇಕು, ಕೊನೆಯದು ಮಲಗುವ ಮುಂಚೆ. ಮರಿ ಕುಸಿದರೆ ಬೆರಳಿಗೆ ಜೇನು ಹಚ್ಚಿ ಒಸಡಿಗೆ ಒರೆಸಿರಿ ಎಂದು ಸಲಹೆ ಕೊಡುವವರಿದ್ದಾರೆ. ನಮ್ಮ ಮನೆಗಳಲ್ಲಿ ಜೇನು ಇರುವುದಿಲ್ಲ, ಬೇಕಾಗಿಯೂ ಇಲ್ಲ. ಗ್ಲುಕೋಸ್ ಅಥವಾ ಸಕ್ಕರೆಯ ಗಟ್ಟಿ ನೀರು ಅದೇ ಕೆಲಸ ಮಾಡುತ್ತದೆ. ಒಸಡಿಗೆ ಒರೆಸಬೇಕೇ ಹೊರತು ಎಚ್ಚರವಿಲ್ಲದ ಮರಿಯ ಬಾಯಲ್ಲಿ ಸುರಿಯಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಒರೆಸಿದ ಮೇಲೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಿರಿ.

ಇಲ್ಲಿಯೇ ನಮ್ಮವರ ಒಂದು ಪ್ರಶ್ನೆ ಏಳುತ್ತದೆ. ಸೂರ್ಯ ಮುಳುಗಿದ ಮೇಲೆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಷ್ಟಮಿ-ಚತುರ್ದಶಿಗೆ ಉಪವಾಸ, ದಶಲಕ್ಷಣ ಪರ್ವದಲ್ಲಂತೂ ಕೇಳುವುದೇ ಬೇಡ. ನಾಯಿಗೆ ರಾತ್ರಿ ಉಣಿಸುವುದು ಹೇಗೆ ಎಂದು ಒಬ್ಬ ತಾಯಿ ನಮ್ಮನ್ನು ಕೇಳಿದರು. ನಾವು ಪಂಡಿತರಲ್ಲ. ಆದರೆ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ನಾವೆಲ್ಲ ಪಾಠಶಾಲೆಯಲ್ಲಿ ಕಲಿತಿದ್ದೇವೆ. ಆಶ್ರಯದಲ್ಲಿರುವ ಪ್ರಾಣಿಗೆ ಅನ್ನ-ನೀರು ತಡೆಯುವುದು ಅವುಗಳಲ್ಲಿ ಒಂದು. ವ್ರತ ಹಿಡಿದವರು ನಾವು, ಮರಿ ಹಿಡಿದಿಲ್ಲ. ಒಲೆ ಹಚ್ಚುವ ಅಗತ್ಯವೂ ಇಲ್ಲ. ಹಗಲಿನಲ್ಲಿಯೇ ಅಳೆದಿಟ್ಟ ಒಣ ಆಹಾರವನ್ನು ರಾತ್ರಿ ತಟ್ಟೆಗೆ ಹಾಕಿದರೆ ಸಾಕು.

ಶಾಕಾಹಾರದ ಮಾತು. 2013ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಸಂಶೋಧಕರು ನಾಯಿಯನ್ನು ತೋಳದೊಡನೆ ಹೋಲಿಸಿ, ಕಾಳು-ಕಡಿಯ ಪಿಷ್ಟವನ್ನು ಅರಗಿಸುವ ಶಕ್ತಿ ನಾಯಿಯಲ್ಲಿ ಬಹಳ ಹೆಚ್ಚಿದೆ ಎಂದು ತೋರಿಸಿದರು. ಮನುಷ್ಯನ ಜೊತೆ ಬಾಳಿ ಬಂದ ಗುಣ ಅದು. ಆದ್ದರಿಂದ ನಾಯಿಯನ್ನು ಶಾಕಾಹಾರದಲ್ಲಿ ಸಾಕಲು ಬರುತ್ತದೆ. ಬೆಕ್ಕಿಗೆ ಈ ಮಾತು ಹತ್ತುವುದಿಲ್ಲ. ಆದರೆ ಹಾಲು-ಚಪಾತಿ, ಮೊಸರನ್ನ ಹಾಕಿ ಶಾಕಾಹಾರ ಎಂದರೆ ಅದು ನಾಯಿಗೆ ಅರೆಹೊಟ್ಟೆ. ಪ್ರೋಟೀನು, ಸುಣ್ಣ, ಬಿ-12, ಡಿ ಜೀವಸತ್ವಗಳೆಲ್ಲ ಲೆಕ್ಕಕ್ಕೆ ಸರಿಯಾಗಿ ಸೇರಿದ, ಸಂಪೂರ್ಣ ಆಹಾರ ಎಂದು ನಮೂದಿಸಿದ ಶಾಕಾಹಾರಿ ಪೊಟ್ಟಣ ತರಿಸಿರಿ. ಮರಿಗೆ ಬೇರೆ, ಬೆಳೆದ ನಾಯಿಗೆ ಬೇರೆ ಎಂಬುದನ್ನು ನೋಡಿರಿ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿರಿ. ಇಷ್ಟು ಖರ್ಚು-ಕಾಳಜಿ ಆಗದವರು ನಾಯಿ ತರದಿರುವುದೇ ಧರ್ಮ.

ನಮ್ಮ ಮನೆಗಳಲ್ಲಿ ಉಳ್ಳಾಗಡ್ಡಿ-ಬೆಳ್ಳುಳ್ಳಿ ಇಲ್ಲದಿರುವುದು ನಾಯಿಯ ಪುಣ್ಯ. ಅವೆರಡೂ ಅದರ ರಕ್ತಕಣಗಳನ್ನು ಒಡೆಯುತ್ತವೆ. ಆದರೆ ನಮ್ಮ ಭಾಗದ ಮನೆಗಳಲ್ಲಿ ಡಬ್ಬಿಗಟ್ಟಲೆ ಇರುವ ಇನ್ನೊಂದು ವಿಷವನ್ನು ಯಾರೂ ಎಣಿಸುವುದಿಲ್ಲ. ಅದು ದ್ರಾಕ್ಷಿ ಮತ್ತು ಒಣದ್ರಾಕ್ಷಿ. ಸಾಂಗಲಿ, ಸೊಲ್ಲಾಪುರ, ವಿಜಾಪುರದ ಈ ಬೆಳೆ ನಮಗೆ ಅನ್ನ ಕೊಟ್ಟಿದೆ, ಆದರೆ ನಾಯಿಯ ಮೂತ್ರಪಿಂಡವನ್ನು ಕೆಡಿಸುತ್ತದೆ. 2021ರಲ್ಲಿ ಅಮೆರಿಕದ ಪಶುವೈದ್ಯರು ಇದಕ್ಕೆ ಟಾರ್ಟಾರಿಕ್ ಆಮ್ಲ ಕಾರಣವೆಂದು ಸೂಚಿಸಿದರು. ಅದೇ ಆಮ್ಲ ಹುಣಸೆಹಣ್ಣಿನಲ್ಲಿಯೂ ಇದೆ. ಪ್ರಸಾದದ ನಾಲ್ಕು ಒಣದ್ರಾಕ್ಷಿ ಮಗುವಿನ ಕೈಯಿಂದ ಕೆಳಗೆ ಬಿದ್ದರೆ ನಮಗೆ ಏನೂ ಅಲ್ಲ, ಎರಡು ಕಿಲೋ ಜೀವಕ್ಕೆ ಅದು ದೊಡ್ಡ ಗಂಡಾಂತರ. ತಿಂದದ್ದು ಕಂಡರೆ ವಾಂತಿ ಬರುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಿರಿ. ಚಾಕಲೇಟು ಸಹ ದೂರವಿರಲಿ.

ಎತ್ತಿಕೊಳ್ಳುವಾಗ ಎರಡು ಕೈ ಬಳಸಿರಿ, ಒಂದು ಎದೆಯ ಕೆಳಗೆ, ಒಂದು ಹಿಂಭಾಗದ ಕೆಳಗೆ. ಮಂಚದಿಂದ ಹಾರಿದರೂ ಇದರ ಮುಂಗಾಲಿನ ಎಲುಬು ಮುರಿಯುತ್ತದೆ. ಸಣ್ಣ ಮಕ್ಕಳು ನೆಲದ ಮೇಲೆ ಕುಳಿತೇ ಆಡಿಸಲಿ. ಕುತ್ತಿಗೆಗೆ ಪಟ್ಟಿ ಹಾಕಿ ಜಗ್ಗಬಾರದು, ಶ್ವಾಸನಾಳ ಬಹಳ ಮೆತ್ತಗೆ. ಎದೆಗೆ ಕಟ್ಟುವ ಪಟ್ಟಿ ಸಿಗುತ್ತದೆ, ಅದು ಬೇಕು. ನಮ್ಮ ಬೇಸಿಗೆ 40 ಡಿಗ್ರಿ ದಾಟುವುದರಿಂದ ಬಿಸಿಲೇರುವ ಮೊದಲೇ ತಿರುಗಾಡಿಸಿರಿ. ಚಳಿಯನ್ನೂ ಅದು ತಡೆಯದು, ರಾತ್ರಿ ಒಂದು ಹಳೆಯ ದುಪ್ಪಟಿ ಇರಲಿ.

ಕಲಿಸುವ ವಿಷಯ. ಮೊದಲು ಮಾತು ಒಂದಾಗಬೇಕು. ನಮ್ಮ ಮನೆಯೊಳಗೆ ಕನ್ನಡ, ಓಣಿಯಲ್ಲಿ ಮರಾಠಿ, ಮೊಮ್ಮಕ್ಕಳ ಬಾಯಲ್ಲಿ ಹಿಂದಿ-ಇಂಗ್ಲಿಷು. ಒಬ್ಬರು ಮರಾಠಿಯಲ್ಲಿ ‘ಬಸ್’ ಎಂದರೆ ಕೂಡು ಎಂದರ್ಥ. ಇನ್ನೊಬ್ಬರು ಹಿಂದಿಯಲ್ಲಿ ‘ಬಸ್’ ಎಂದರೆ ಸಾಕು, ನಿಲ್ಲಿಸು ಎಂದರ್ಥ. ನಾಯಿ ಏನು ಮಾಡಬೇಕು? ಅದು ಮಾತು ಕೇಳುವುದಿಲ್ಲ ಎಂದು ಎಲ್ಲರೂ ಬೈಯುತ್ತಾರೆ. ನಮ್ಮಲ್ಲಿ ಬಾ, ಕೂಡು, ನಿಲ್ಲು, ಬಿಡು ಎಂಬ ನಾಲ್ಕು ಶಬ್ದ ಗೊತ್ತುಮಾಡಿ ಎಲ್ಲರೂ ಅವನ್ನೇ ಆಡುತ್ತೇವೆ.

ಎರಡನೆಯದು, ಬಹುಮಾನ ರೋಖಾ ಇರಬೇಕು. ಕೂಡು ಎಂದೊಡನೆ ಕೂತಿತೋ, ಒಂದೆರಡು ಸೆಕೆಂಡಿನಲ್ಲಿ ಹೆಸರುಕಾಳಿನಷ್ಟು ತಿನಿಸು ಬಾಯಿಗೆ ಬೀಳಬೇಕು. ಒಳಗೆ ಹೋಗಿ ಡಬ್ಬಿ ತೆಗೆದು ತರುವಷ್ಟರಲ್ಲಿ ಅದು ಯಾವುದಕ್ಕೆ ಸಿಕ್ಕಿತೆಂದು ನಾಯಿಗೆ ತಿಳಿಯುವುದಿಲ್ಲ. ನಾಯಿಯ ಹತ್ತಿರ ಉದ್ರಿ ವ್ಯವಹಾರ ನಡೆಯದು. ಶಿಕ್ಷೆಯೂ ಹಾಗೆಯೇ. ಬೆಳಿಗ್ಗೆ ಹಾಸಿಗೆ ಹೊಲಸು ಮಾಡಿದ್ದಕ್ಕೆ ಮಧ್ಯಾಹ್ನ ಗದರಿದರೆ ಅದು ನಿಮಗೆ ಹೆದರಲು ಕಲಿಯುತ್ತದೆ, ಬೇರೇನೂ ಕಲಿಯುವುದಿಲ್ಲ. ಎರಡು ತಿಂಗಳ ಮರಿ ಎರಡು-ಮೂರು ತಾಸಿಗಿಂತ ಹೆಚ್ಚು ಮೂತ್ರ ತಡೆಯಲಾರದು. ನಿದ್ದೆಯಿಂದ ಎದ್ದಾಗ, ಉಂಡಾಗ, ಆಟ ಮುಗಿದಾಗ ಪ್ರತಿ ಸಲ ಒಂದೇ ಜಾಗಕ್ಕೆ ಒಯ್ಯಿರಿ. ಅಲ್ಲಿ ಮುಗಿಸಿದ ಕೂಡಲೇ ಹೊಗಳಿರಿ. ಕಟ್ಟಿಹಾಕುವುದು, ಹೊಡೆಯುವುದು ಬೇಡ. ಆಗ ಹೇಳಿದ ಐದು ಅತಿಚಾರಗಳಲ್ಲಿ ಅವೂ ಇವೆ.

ಚಿವಾವಾ ಗುರ್ರೆಂದರೆ ಜನ ನಗುತ್ತಾರೆ. ಅಲ್ಸೇಷಿಯನ್ ಗುರ್ರೆಂದರೆ ನಗುತ್ತಾರೆಯೇ? ಎರಡೂ ಹೇಳುವುದು ಒಂದೇ ಮಾತು: ನನಗೆ ಹೆದರಿಕೆಯಾಗಿದೆ, ದೂರ ಸರಿ. ಆ ಮಾತು ಕೇಳದೆ ಮುಟ್ಟಿದರೆ ಅದು ಕಚ್ಚುತ್ತದೆ. ಮೂರು ವಾರದಿಂದ ಮೂರು ತಿಂಗಳವರೆಗಿನ ಮರಿಗೆ ಹೊಸ ಜನ, ಹೊಸ ಸದ್ದು ಮೆಲ್ಲಗೆ ಪರಿಚಯ ಮಾಡಿಸಿದರೆ ಮುಂದೆ ಈ ಹೆದರಿಕೆ ಕಡಿಮೆ. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ಪ್ರತಿ ವರ್ಷ. ಎಷ್ಟೇ ಸಣ್ಣ ನಾಯಿ ಕಚ್ಚಿದರೂ ಹರಿಯುವ ನೀರು-ಸಾಬೂನಿನಿಂದ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಅಡಿಗೆಮನೆಯ ಶುದ್ಧಿಗೆ ಭಂಗ ಎಂಬುದು ಹಿರಿಯರ ಆಕ್ಷೇಪ. ಅದು ನ್ಯಾಯವೇ. ಹೊಸ್ತಿಲಲ್ಲಿ ನಿಲ್ಲು ಎಂದು ಕಲಿಸಿದರೆ ಎರಡು ವಾರದಲ್ಲಿ ನಾಯಿ ಗೆರೆ ದಾಟುವುದಿಲ್ಲ. ನಮ್ಮಲ್ಲಿ ಹಾಗೆಯೇ ಇದೆ. ಆದರೆ ಜೀವಂಧರನ ಕಥೆಯನ್ನೂ ನೆನೆಯಬೇಕು. ಅನ್ನ ಮುಟ್ಟಿತೆಂದು ಬಡಿಸಿಕೊಂಡು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಆ ರಾಜಕುಮಾರ ಪಂಚನಮಸ್ಕಾರ ಹೇಳಿದ. ನಾಯಿ ಯಕ್ಷನಾಯಿತು. ಸಾಯುವಾಗ ಮಂತ್ರ ಹೇಳಲು ಅರ್ಹವಾದ ಜೀವಕ್ಕೆ ಬದುಕಿರುವಾಗ ಹೊತ್ತಿಗೆ ಸರಿಯಾಗಿ ಅನ್ನ ಹಾಕುವುದು ದೊಡ್ಡ ಮಾತಲ್ಲ.

ಹೊಸದಾಗಿ ತರುವವರಿಗೆ ವ್ಯಾಪಾರಿಯ ಒಂದು ಎಚ್ಚರಿಕೆ. ‘ಟೀಕಪ್’ ಎಂಬ ತಳಿ ಇಲ್ಲ. ಅದು ಮಾರುವವರ ಶಬ್ದ. ತೀರ ಸಣ್ಣದಾದಷ್ಟೂ ಎಲುಬು, ತಲೆ, ಸಕ್ಕರೆಯ ತೊಂದರೆ ಹೆಚ್ಚು. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ಕೇಂದ್ರ ಸರ್ಕಾರದ ನಿಯಮವೇ ಇದೆ. ತಾಯಿ ನಾಯಿಯನ್ನು ಕಣ್ಣಾರೆ ನೋಡದೆ ಮರಿ ತರಬೇಡಿರಿ. ಮಕ್ಕಳು ನಾಯಿ ತರುವ ಮೊದಲೇ ಕೇಳಿರಿ: ನೀವು ಊರು ಬಿಟ್ಟರೆ ಇದು ಯಾರ ಪಾಲಿಗೆ? 15 ವರ್ಷದ ಲೆಕ್ಕ ಅದು.

ಈಗಾಗಲೇ ಇರುವವರು ತಿಂಗಳ ಮೊದಲ ದಿನ ಅದನ್ನು ಅಂಗಡಿಯ ತಕ್ಕಡಿಯಲ್ಲಿ ಕೂಡಿಸಿ ತೂಕ ಬರೆದಿಡಿರಿ. ಎರಡು ಕಿಲೋದಲ್ಲಿ 200 ಗ್ರಾಂ ಇಳಿದರೆ ಅದು ಹತ್ತರಲ್ಲಿ ಒಂದು ಪಾಲು, 60 ಕಿಲೋ ಮನುಷ್ಯ 6 ಕಿಲೋ ಇಳಿದಂತೆ. ಕಣ್ಣಿಗೆ ಕಾಣದ್ದನ್ನು ತಕ್ಕಡಿ ಹೇಳುತ್ತದೆ. ಅಂದೇ ವೈದ್ಯರಿಗೆ ತೋರಿಸಿರಿ.