ಮರವು ನೀರುಗಳ್ಳನೇ?

ಮಳೆ ಕಡಮೆಯಾದ ನಾಡಿನಲ್ಲಿ ಜೌಗುಭೂಮಿಯೊಂದಿದ್ದರೆ, ಅಲ್ಲಿಯ ಮರಗಳನ್ನು ಖರ್ಚಿನ ಪಟ್ಟಿಗೆ ಸೇರಿಸುವವರು ಅನೇಕರು. ಬೇರು ಅಂತರ್ಜಲವನ್ನು ಹೀರುತ್ತದೆ, ಎಲೆ ಅದನ್ನು ಆವಿಯಾಗಿ ಗಾಳಿಗೆ ಬಿಡುತ್ತದೆ. ಆದುದರಿಂದ ಮರವನ್ನು ಕಡಿದರೆ ಅಷ್ಟು ನೀರು ಉಳಿದಂತೆಯೇ ಎಂಬುದು ಅವರ ವಾದ. ಈ ವಾದದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಅರ್ಧ ಲೆಕ್ಕವನ್ನು ಪೂರ್ಣ ಲೆಕ್ಕವೆಂದು ನಂಬಿದರೆ ಎಂಥ ಅನರ್ಥವಾದೀತೆಂಬುದನ್ನು ಓದುಗರ ಮುಂದಿಡುವುದು ನಮ್ಮ ಉದ್ದೇಶ.

ಮೊದಲು ಸತ್ಯಾಂಶವನ್ನು ಒಪ್ಪಿಕೊಳ್ಳೋಣ. ಮರವೆಂದರೆ ಬಿಸಿಲಿನ ಶಕ್ತಿಯಿಂದ ನಡೆಯುವ ಒಂದು ಪಂಪು. ಅದು ಕುಡಿಯುವ ನೀರನ್ನು ಅಳೆಯುವ ಸೊಗಸಾದ ಉಪಾಯವೊಂದನ್ನು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಡಬ್ಲ್ಯು. ಎನ್. ವೈಟ್ ಅವರು 1932ರಲ್ಲಿ ಪ್ರಕಟಿಸಿದರು. ಯೂಟಾ ಪ್ರಾಂತದ ಎಸ್ಕಲಾಂಟೆ ಕಣಿವೆಯ ಬಾವಿಗಳಲ್ಲಿ ನೀರಿನ ಮಟ್ಟವು ಹಗಲು ಇಳಿಯುತ್ತಿತ್ತು, ರಾತ್ರಿ ಏರುತ್ತಿತ್ತು. ನಡುರಾತ್ರಿಯ ನಂತರ ಸಸ್ಯಗಳು ನೀರು ಹೀರುವುದು ಬಹುಮಟ್ಟಿಗೆ ನಿಂತಿರುವುದರಿಂದ, ಆಗಿನ ಏರಿಕೆಯೇ ಸುತ್ತಲಿಂದ ಬರುವ ಒರತೆಯ ಅಳತೆ. ಈ ಏರಿಕೆ ಗಂಟೆಗೆ 2 ಮಿಲಿಮೀಟರು ಎನ್ನೋಣ; 24 ಗಂಟೆಗೆ 48 ಆಯಿತು. ಅಷ್ಟು ಒರತೆ ಬಂದೂ ದಿನದ ಕೊನೆಗೆ ಮಟ್ಟವು 2 ಮಿಲಿಮೀಟರು ತಗ್ಗಿದ್ದರೆ, ಸಸ್ಯಗಳು 50 ಮಿಲಿಮೀಟರು ಮಟ್ಟದ ನೀರನ್ನು ಹೀರಿವೆ ಎಂದಾಯಿತು. ಮಣ್ಣಿನ ಗಾತ್ರದಲ್ಲಿ ಹತ್ತನೆಯ ಒಂದು ಪಾಲು ಮಾತ್ರ ಬಿಟ್ಟುಕೊಡುವ ನೀರಾದರೆ, ನಿಜವಾದ ವ್ಯಯ 5 ಮಿಲಿಮೀಟರು. ಮರ ನೀರು ಕುಡಿಯುತ್ತದೆ ಎಂಬುದರಲ್ಲಿ ಹೀಗೆ ಸಂದೇಹವೇ ಇಲ್ಲ.

ಈಗ ಆಫ್ರಿಕದ ಬೋಟ್ಸ್ವಾನಾ ದೇಶಕ್ಕೆ ಹೋಗೋಣ. ಅಂಗೋಲಾದ ಎತ್ತರದ ನೆಲದಲ್ಲಿ ಹುಟ್ಟುವ ಒಕವಾಂಗೊ ನದಿ ಕಡಲನ್ನು ಸೇರುವುದೇ ಇಲ್ಲ. ಕಲಹಾರಿಯ ಮರಳಿನ ಮೇಲೆ ಹರಡಿಕೊಂಡು ಜೌಗಾಗಿ ಮುಗಿಯುತ್ತದೆ. ವರ್ಷಕ್ಕೆ ಸುಮಾರು 1000 ಕೋಟಿ ಘನ ಮೀಟರು ನೀರು ಅಲ್ಲಿಗೆ ಬರುತ್ತದೆ. ಅದರಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಪಾಲು ಆವಿಯಾಗಿ ಹೋಗುತ್ತದೆ. ಲೀಟರಿಗೆ ಸುಮಾರು 40 ಮಿಲಿಗ್ರಾಂ ಲವಣವೆಂದರೂ, ವರ್ಷಕ್ಕೆ ಸುಮಾರು 4 ಲಕ್ಷ ಟನ್ ಲವಣ ಅಲ್ಲಿಗೆ ಬಂದು ಸೇರುತ್ತದೆ. ಉಪ್ಪುನೀರನ್ನು ತಟ್ಟೆಯಲ್ಲಿಟ್ಟು ಬಿಸಿಲಿಗೆ ಇಟ್ಟವರೆಲ್ಲರೂ ಬಲ್ಲರು: ನೀರು ಹಾರಿಹೋಗುತ್ತದೆ, ಉಪ್ಪು ಉಳಿಯುತ್ತದೆ. ಹಾಗಿದ್ದರೆ ಒಕವಾಂಗೊ ಎಂದೋ ಉಪ್ಪಿನ ಬಯಲಾಗಬೇಕಾಗಿತ್ತು. ಆದರೆ ಅದರ ನೀರು ಇಂದಿಗೂ ಸಿಹಿ! ಆ ಉಪ್ಪೆಲ್ಲ ಎಲ್ಲಿಗೆ ಹೋಯಿತು?

ಉತ್ತರವಿರುವುದು ಜೌಗಿನ ನಡುವಿನ ಸಾವಿರಾರು ನಡುಗಡ್ಡೆಗಳಲ್ಲಿ. ಅವುಗಳಲ್ಲಿ ಅನೇಕವು ಗೆದ್ದಲಿನ ಹುತ್ತಗಳಿಂದ ಆರಂಭವಾದವು. ನೆರೆಗೆ ಮುಳುಗದ ಹುತ್ತದ ಮೇಲೆ ಮರ ಬೇರೂರುತ್ತದೆ. ಮರಗಳು ನೀರು ಹೀರಿದಂತೆಲ್ಲ ನಡುಗಡ್ಡೆಯ ಕೆಳಗಿನ ಅಂತರ್ಜಲದ ಮಟ್ಟವು ಸುತ್ತಲಿನ ಜೌಗಿನ ಮಟ್ಟಕ್ಕಿಂತ ತಗ್ಗುತ್ತದೆ. ನೀರು ತಗ್ಗಿನ ಕಡೆಗೆ ಹರಿಯುವುದು ನಿಯಮವಷ್ಟೆ? ಜೌಗಿನ ನೀರು ಲವಣವನ್ನು ಹೊತ್ತುಕೊಂಡು ಎಲ್ಲ ಕಡೆಯಿಂದಲೂ ನಡುಗಡ್ಡೆಯ ಒಳಕ್ಕೆ ಒಸರುತ್ತದೆ. ಬೇರುಗಳು ನೀರನ್ನು ತೆಗೆದುಕೊಂಡು ಲವಣದ ಬಹುಭಾಗವನ್ನು ಹೊರಗೇ ಬಿಡುತ್ತವೆ. ಅಂಚಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟು ಮಣ್ಣಿನಲ್ಲಿ ಗಟ್ಟಿಯಾಗಿ ಕೂತು ನಡುಗಡ್ಡೆಯನ್ನು ಬೆಳೆಸುತ್ತದೆ. ಸೋಡಿಯಂ ಲವಣಗಳು ನಡುವಿನಲ್ಲಿ ಸಂಗ್ರಹವಾಗುತ್ತವೆ. ಅಂತರ್ಜಲವು ಇದಕ್ಕೆ ಪ್ರತಿಯಾಗಿ ಸಸ್ಯಗಳ ಸ್ಥಾನವನ್ನು ನಿರ್ಧರಿಸುತ್ತದೆ: ಅಂಚಿನಲ್ಲಿ ಅತ್ತಿಯ ಜಾತಿಯ ದೊಡ್ಡ ಮರಗಳು, ಒಳಗೆ ಉಪ್ಪನ್ನು ಸಹಿಸುವ ತಾಳೆಯ ಜಾತಿಗಳು, ನಟ್ಟನಡುವೆ ಹುಲ್ಲೂ ಬೆಳೆಯದ ಚೌಳು ನೆಲ. ಅಲ್ಲಿಯ ದಟ್ಟವಾದ ಉಪ್ಪುನೀರು ತನ್ನ ಭಾರದಿಂದಲೇ ಆಳಕ್ಕೆ ಇಳಿಯುತ್ತದೆ. ಮರಗಳು ಕುಡಿದ ನೀರು ಸುತ್ತಲಿನ ನೀರನ್ನು ಸಿಹಿಯಾಗಿರಿಸಿದುದಕ್ಕೆ ತೆತ್ತ ಬೆಲೆ!

ಈ ಬೆಲೆಯನ್ನು ತೆರಲೊಲ್ಲದವರ ಗತಿಯೇನೆಂಬುದಕ್ಕೆ ಪಶ್ಚಿಮ ಆಸ್ಟ್ರೇಲಿಯದಲ್ಲಿ ನಿದರ್ಶನವಿದೆ. ಕಡಲ ಗಾಳಿಮಳೆಗಳು ಸಾವಿರಾರು ವರ್ಷಗಳಿಂದ ತಂದ ಉಪ್ಪು ಅಲ್ಲಿ ನೆಲದಾಳದಲ್ಲಿತ್ತು. ಕಾಡು ಮಳೆನೀರನ್ನು ಹೀರಿ ಅಂತರ್ಜಲವನ್ನು ಕೆಳಗೆ ಹಿಡಿದಿತ್ತು. ಗೋದಿಗಾಗಿ ಕಾಡನ್ನು ಕಡಿದರು. ಅಂತರ್ಜಲ ಉಪ್ಪಿನೊಡನೆ ಮೇಲೇರಿತು. ಡಬ್ಲ್ಯು. ಇ. ವುಡ್ ಎಂಬ ರೈಲ್ವೆ ಎಂಜಿನಿಯರರು 1924ರಷ್ಟು ಹಿಂದೆಯೇ ಇದನ್ನು ಬರೆದು ಎಚ್ಚರಿಸಿದ್ದರೂ ಕಡಿತ ನಿಲ್ಲಲಿಲ್ಲ. ಅಲ್ಲಿಯ ಟೂಲಿಬಿನ್ ಸರೋವರವನ್ನು ಉಳಿಸಲು 1990ರ ದಶಕದಿಂದ ಯಂತ್ರಗಳಿಂದ ಅಂತರ್ಜಲವನ್ನು ಮೇಲೆತ್ತಬೇಕಾಯಿತು. ಬೇರುಗಳು ಬಿಟ್ಟಿಯಾಗಿ ಮಾಡುತ್ತಿದ್ದ ಕೆಲಸಕ್ಕೆ ಈಗ ಹಣ ಸುರಿಯಬೇಕಾಗಿದೆ.

ನಮ್ಮ ಬಯಲುಸೀಮೆಯ ನೀಲಗಿರಿ ತೋಪುಗಳ ವಿವಾದವನ್ನು ಬಲ್ಲವರು, "ಹಾಗಾದರೆ ಎಲ್ಲಿ ಬೇಕಾದರೂ ಮರ ನೆಡಬಹುದೋ?" ಎಂದು ಕೇಳಿಯಾರು. ಹಾಗಲ್ಲ. ಒಳಬರುವ ನೀರು ಅಲ್ಪವಾಗಿರುವಲ್ಲಿ ಹೆಚ್ಚು ನೀರು ಹೀರುವ ಮರದ ತೋಪು ಬಾವಿಗೆ ಹಾನಿಯನ್ನೇ ಮಾಡೀತು. ಒಂದೆಡೆಯ ಪಾಠವನ್ನು ಇನ್ನೊಂದೆಡೆಗೆ ಕುರುಡಾಗಿ ಒಯ್ಯಬಾರದೆಂಬುದೇ ನಮ್ಮ ಮಾತು. ಮರ ಎಷ್ಟು ನೀರು ಕುಡಿಯುತ್ತದೆಂಬುದು ಮೊದಲ ಪ್ರಶ್ನೆ. ಆ ನೀರು ಎಲ್ಲಿಂದ ಬಂದಿತು, ಅದರ ಉಪ್ಪು ಎಲ್ಲಿ ನಿಂತಿತು ಎಂಬುದು ಎರಡನೆಯದು. ಎರಡಕ್ಕೂ ಉತ್ತರ ದೊರೆಯುವವರೆಗೆ ಕೊಡಲಿಯನ್ನು ಕೆಳಗಿಡುವುದೇ ವಿವೇಕ.

ಒಕವಾಂಗೊ ಪ್ರದೇಶದ ಒಂದು ಕವಲನ್ನು ತೋಡಿ ಆಳಗೊಳಿಸಿ ಹೆಚ್ಚು ನೀರು ಪಡೆಯುವ ಯೋಜನೆಯನ್ನು ಅಲ್ಲಿಯ ನಿವಾಸಿಗಳು ವಿರೋಧಿಸಿದರು. 1991ರಲ್ಲಿ ಅದು ನಿಂತಿತು. ಆ ಜನ ಉಪ್ಪಿನ ಸಮೀಕರಣಗಳನ್ನು ಬರೆದವರಲ್ಲ; ಆದರೆ ತಾವು ಬಾಳುವ ನೀರನ್ನು ಕಂಡು ಬಲ್ಲವರು. ನಾಳೆ ಎಂಜಿನಿಯರರೂ ಅಧಿಕಾರಿಗಳೂ ಆಗಲಿರುವ ವಿದ್ಯಾರ್ಥಿಗಳು ಸಮೀಕರಣವನ್ನೂ ಕಲಿಯಲಿ, ಆ ಕಣ್ಣನ್ನೂ ಪಡೆಯಲಿ ಎಂಬುದು ನಮ್ಮ ಅಪೇಕ್ಷೆ.