ಕರಗಿದ ಮಾವು ಮೆತ್ತಗೇಕೆ?
ಬೇಸಿಗೆಯಲ್ಲಿ ಹೆಚ್ಚಿ ಫ್ರೀಜರಿನಲ್ಲಿಟ್ಟ ಬಾದಾಮಿ ಮಾವಿನ ಹೋಳು ಕರಗಿದ ಮೇಲೆ ನೀರೊಡೆದು ಮೆತ್ತಗಾದರೆ ಹಣ್ಣು ಕೆಟ್ಟಿತೆಂದು ಬಿಸಾಡುವವರಿದ್ದಾರೆ, ನನಗೆ ಸಂಕಟವಾಗುತ್ತದೆ. ಹಣ್ಣಿನ ಬಹುಪಾಲು ನೀರೇ, ಹೆಪ್ಪುಗಟ್ಟುವಾಗ ಅದು ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಮನೆಯ ಫ್ರೀಜರಿನ ಮೈನಸ್ 18 ಡಿಗ್ರಿಯಲ್ಲಿ ಇದು ನಿಧಾನವಾಗಿ ನಡೆಯುವುದರಿಂದ ಮಂಜಿನ ಹರಳುಗಳು ದೊಡ್ಡದಾಗಿ ಬೆಳೆದು ಜೀವಕೋಶಗಳ ಗೋಡೆಯನ್ನು ಹರಿಯುತ್ತವೆ, ಒಳಗಿನ ನೀರನ್ನೂ ಹೊರಗೆಳೆಯುತ್ತವೆ. ಕರಗಿದಾಗ ರಸವನ್ನು ಹಿಡಿದಿಡುವ ಬಲ ಕೋಶಗಳಿಗೆ ಉಳಿದಿರುವುದಿಲ್ಲ. ಕಾರ್ಖಾನೆಗಳಲ್ಲಿ ಮೈನಸ್ 30–40 ಡಿಗ್ರಿಯ ಗಾಳಿಯನ್ನು ರಭಸವಾಗಿ ಬೀಸಿ ಬಿಡಿ ಹೋಳುಗಳನ್ನು ನಿಮಿಷಗಳಲ್ಲೇ ಗಟ್ಟಿಮಾಡುತ್ತಾರೆ. ಹರಳು ಸಣ್ಣದು, ಹಾನಿ ಕಡಿಮೆ. ಮನೆಯಲ್ಲೂ ಹೋಳುಗಳನ್ನು ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿಟ್ಟು, ಗಟ್ಟಿಯಾದ ಮೇಲೆ ಡಬ್ಬಿಗೆ ತುಂಬುವುದು ಮೇಲು. ಮೆತ್ತಗಾದ ಹೋಳು ಸೀಕರಣೆಗೆ ಧಾರಾಳವಾಗಿ ಆಗುತ್ತದೆ, ಆದರೆ ಬೇಗ ತಿಂದುಬಿಡಿ: ಶೀತಕ್ಕೆ ಸುಮ್ಮನಾಗಿದ್ದ ಸೂಕ್ಷ್ಮಜೀವಿಗಳಲ್ಲಿ ಹಲವು ಸತ್ತಿರುವುದಿಲ್ಲ.